ಕಾಟ್ಜ್ ಡೆಲಿಗೆ ಮನೆಮಂದಿ ಜೊತೆ ಹೋಗೋರಿಗೆ

ಊರಿಂದ ಬಂದ ಅಪ್ಪ-ಅಮ್ಮನ್ನ ನ್ಯೂಯಾರ್ಕಿನ ಕಾಟ್ಜ್ ಡೆಲಿಗೆ (1888ರಿಂದ ಇರೋ ಮಾಂಸದ ಸ್ಯಾಂಡ್‌ವಿಚ್ ಹೋಟೆಲು) ಊಟಕ್ಕೆ ಕರ್ಕೊಂಡು ಹೋಗೋರು ಗಮನಿಸಿ. ಬಾಗಿಲಲ್ಲೇ ತಲೆಗೊಂದು ಚೀಟಿ ಕೊಡ್ತಾರೆ. ತಿಂದದ್ದೆಲ್ಲ ಅದರ ಮೇಲೇ ಬರೀತಾರೆ. ಏನೂ ತಿನ್ನದಿದ್ರೂ ಹೊರಡುವಾಗ ವಾಪಸ್ ಕೊಡಲೇಬೇಕು, ಕಳೆದರೆ ದಂಡ. ಮಕ್ಕಳ ಕೈಗಂತೂ ಕೊಡಬೇಡಿ.

ಗೋಡೆ ಬದಿಯ ಮೇಜಿಗೆ ಮಾಣಿ ಬರ್ತಾರೆ, ವಯಸ್ಸಾದೋರಿಗೆ ಅದೇ ವಾಸಿ. ಆದ್ರೆ ಮಜಾ ಇರೋದು ಕೌಂಟರ್ ಸಾಲಲ್ಲಿ: ಹಬೆಯಾಡೋ ಪಾಸ್ಟ್ರಾಮಿ (ಉಪ್ಪು-ಮಸಾಲೆ ಹಚ್ಚಿ ಹೊಗೆಯಲ್ಲಿ ಬೇಯಿಸಿದ ಮಾಂಸ) ಕುಯ್ಯುತ್ತಾ ರುಚಿ ನೋಡೋಕೆ ಒಂದು ತುಂಡು ಮುಂದಿಡ್ತಾರೆ. ಟಿಪ್ಸಿಗೆ ಚಿಲ್ಲರೆ ಡಾಲರ್ ಇರಲಿ. ಒಂದು ಸ್ಯಾಂಡ್‌ವಿಚ್ ಇಬ್ಬರಿಗೆ ಧಾರಾಳ.

ಪಾಸ್ಟ್ರಾಮಿ ಅಂದ್ರೆ ದನದ ಮಾಂಸ, ಹಿರಿಯರಿಗೆ ಮೊದಲೇ ಹೇಳಿಬಿಡಿ. ಸಸ್ಯಾಹಾರಿಗಳಿಗೆ ಆಲೂಗಡ್ಡೆ ಕನಿಶ್ ಇದೆ, ನಮ್ಮ ಆಲೂ ಬನ್ನಿನ ದೊಡ್ಡಣ್ಣ. ಮೊಟ್ಟೆ ಹಾಕಿದ್ದಾರಾ ಕೇಳಿಕೊಳ್ಳಿ. ಜೊತೆಗೆ ಬರೋ ಸೌತೆ ಉಪ್ಪಿನಕಾಯಿ ಕಚ್ಚಿ ನಮ್ಮಮ್ಮ, "ಖಾರಾನೇ ಇಲ್ವಲ್ಲೋ!" ಅಂದ್ರು. ತಟ್ಟೆ ಮಾತ್ರ ಖಾಲಿ.