80 ಹರ್ಟ್ಸ್ ಬಳಿಯ ಬೆಸುಗೆ

ಒಂದು ಭಾನುವಾರ ಬೆಳಿಗ್ಗೆ ಸಂಗೀತ ಕಚೇರಿಯ ಧ್ವನಿಮುದ್ರಣವೊಂದನ್ನು ಹಾಕಿಕೊಂಡು ಕುಳಿತಿದ್ದೆ. ತನಿ ಆವರ್ತನ ನಡೆಯುತ್ತಿತ್ತು. ಮೃದಂಗದ ಬಲಭಾಗ ಖಣಖಣ ಎನ್ನುತ್ತಿತ್ತು. ಎಡಭಾಗದ ತೊಪ್ಪಿಯ ಗುಂಕಾರ ಮಾತ್ರ ರಟ್ಟಿನ ಡಬ್ಬ ಬಡಿದಂತೆ ಒಣಗಿ ಹೋಗಿತ್ತು. ಅನುಮಾನ ಬಂದು ಎದ್ದು ಹೋಗಿ, ಮನೆಯ ಹೋಮ್ ಥಿಯೇಟರಿನಲ್ಲಿ ತಗ್ಗಿನ ಸ್ವರಗಳಿಗೆಂದೇ ಇರುವ ಪೆಟ್ಟಿಗೆಯಾದ ಸಬ್‌ವೂಫರ್‌ನ ಕೋನ್ (ಅಲುಗಿ ಶಬ್ದ ಹೊರಡಿಸುವ ಭಾಗ) ಮೇಲೆ ಬೆರಳಿಟ್ಟೆ. ಅಲುಗಾಟವೇ ಇರಲಿಲ್ಲ. ಹಿಂದಿನ ರಾತ್ರಿ ಸಿನಿಮಾದ ಸ್ಫೋಟಕ್ಕೆ ಕಿಟಕಿಯ ಗಾಜು ನಡುಗಿಸಿದ್ದು ಇದೇ ಪೆಟ್ಟಿಗೆ.

ಎಲ್ಲ ಸ್ಪೀಕರ್‌ಗಳಿಗೂ ಶಬ್ದ ಹಂಚುವ ರಿಸೀವರ್‌ನ ಮೆನು ತೆರೆದಾಗ ಕಾರಣ ಸಿಕ್ಕಿತು. ಮೈಕ್ ಇಟ್ಟು ನಡೆಸಿದ ಸ್ವಯಂಚಾಲಿತ ಹೊಂದಾಣಿಕೆಯು ಮುಂದಿನ ಎರಡೂ ಸ್ಪೀಕರ್‌ಗಳನ್ನು ‘ಲಾರ್ಜ್’ ಎಂದು ಗುರುತಿಸಿತ್ತು. ಅದನ್ನು ಮೊದಲ ದಿನವೇ ನೋಡಿದ್ದೆ, ನೋಡಿ ಹೆಮ್ಮೆಯನ್ನೂ ಪಟ್ಟಿದ್ದೆ. ಕಪಾಟಿನ ಮೇಲೆ ಕೂರುವ, ಐದೂಕಾಲು ಇಂಚಿನ ವೂಫರ್‌ನ ಸ್ಪೀಕರ್‌ಗಳು ಅವು. ಕೈಪಿಡಿಯ ಪ್ರಕಾರ 55 ಹರ್ಟ್ಸ್‌ಗೆ (ಸೆಕೆಂಡಿಗೆ 55 ಕಂಪನ) ಅವುಗಳ ಉಸಿರು ಮುಗಿಯುತ್ತದೆ. ಗೋಡೆಗೆ ಒತ್ತಿಕೊಂಡಿದ್ದರಿಂದ ತಗ್ಗಿನ ಸ್ವರಗಳು ಉಬ್ಬಿ ಮೈಕ್ ಮೋಸ ಹೋಗಿತ್ತು. ಲಾರ್ಜ್, ಸ್ಮಾಲ್ ಎಂಬುದು ಪೆಟ್ಟಿಗೆಯ ಗಾತ್ರದ ಮಾತಲ್ಲ. ಲಾರ್ಜ್ ಎಂದರೆ ‘ಎಲ್ಲವನ್ನೂ ಇದಕ್ಕೇ ಕಳಿಸು’ ಎಂಬ ಅಪ್ಪಣೆ. ಆಗ ಸಬ್‌ವೂಫರ್‌ಗೆ ಉಳಿಯುವುದು ಸಿನಿಮಾದಲ್ಲಿ ತಗ್ಗಿನ ಸದ್ದಿಗೆಂದೇ ಇರುವ ಪ್ರತ್ಯೇಕ ಟ್ರ್ಯಾಕ್ (5.1ರ ಆ ‘ಪಾಯಿಂಟ್ ಒನ್’, ಅಂದರೆ ಎಲ್‌ಎಫ್‌ಇ) ಮಾತ್ರ. ಎರಡು ಚಾನೆಲ್‌ಗಳ ಕಚೇರಿಯಲ್ಲಿ ಅಂಥ ಟ್ರ್ಯಾಕ್ ಎಲ್ಲಿಂದ ಬರಬೇಕು? ಹಾಗಾಗಿ ಆ ಭಾನುವಾರ ಅದು ರಜೆಯಲ್ಲಿತ್ತು.

ಎಲ್ಲವನ್ನೂ ‘ಸ್ಮಾಲ್’ ಮಾಡಿದೆ. ಈ ಪದ ಮನಸ್ಸಿಗೆ ಚುಚ್ಚುತ್ತದೆ ಎಂಬುದು ನಿಜ. ದುಡ್ಡು ಕೊಟ್ಟು ತಂದದ್ದನ್ನು ನಾವೇ ಸಣ್ಣದೆಂದು ಒಪ್ಪಿಕೊಳ್ಳಬೇಕು. ಆದರೆ ಲೆಕ್ಕ ನೋಡಿ: ಅಷ್ಟೇ ಜೋರಾಗಿ ಕೇಳಬೇಕಾದರೆ, ಆವರ್ತನ ಅರ್ಧಕ್ಕಿಳಿದಾಗಲೆಲ್ಲ ಕೋನ್ ನಾಲ್ಕು ಪಟ್ಟು ದೂರ ಓಡಾಡಬೇಕು. ಅಷ್ಟು ಓಡಾಡುತ್ತಲೇ ಅದೇ ಕೋನ್ ಗಾಯಕಿಯ ಕಂಠವನ್ನೂ ನುಡಿಸಬೇಕು. ಅಡುಗೆಯವನಿಗೇ ಚಪ್ಪರದ ಕಂಬವನ್ನೂ ಹೊರಿಸಿದ ಹಾಗೆ.

ಕ್ರಾಸ್‌ಓವರ್, ಅಂದರೆ ಯಾವ ಆವರ್ತನದ ಕೆಳಗಿನದ್ದನ್ನು ಸ್ಪೀಕರ್‌ನಿಂದ ಸಬ್‌ವೂಫರ್‌ಗೆ ದಾಟಿಸಬೇಕು ಎಂಬ ಗೆರೆ, ಎಷ್ಟಕ್ಕೆ ಎಂಬುದು ಮುಂದಿನ ಪ್ರಶ್ನೆ. ಸ್ಪೀಕರ್ 55ರವರೆಗೆ ಇಳಿಯುತ್ತದೆಂದು ಮೊದಲು 60 ಇಟ್ಟೆ. ತಪ್ಪು. ಕ್ರಾಸ್‌ಓವರ್ ಗೋಡೆಯಲ್ಲ, ಇಳಿಜಾರು. ಸಾಮಾನ್ಯವಾಗಿ ರಿಸೀವರ್ ಸ್ಪೀಕರ್ ಕಡೆಗೆ ಆಕ್ಟೇವ್‌ಗೆ (ಆವರ್ತನ ಇಮ್ಮಡಿ ಅಥವಾ ಅರ್ಧವಾಗುವಷ್ಟು ಅಂತರಕ್ಕೆ) 12 ಡೆಸಿಬೆಲ್‌ನಂತೆಯೂ ಸಬ್‌ವೂಫರ್ ಕಡೆಗೆ 24ರಂತೆಯೂ ಕಡಿಯುತ್ತದೆ. ಗೆರೆಯ ಕೆಳಗೂ ಸ್ಪೀಕರ್ ಸ್ವಲ್ಪ ದೂರ ದುಡಿಯಲೇಬೇಕು. ಅದರ ಶಕ್ತಿ ಮುಗಿಯುವಲ್ಲೇ ಗೆರೆ ಎಳೆದರೆ ಬೆಸುಗೆ ಬಾಯಿ ಬಿಡುತ್ತದೆ. ಕೊನೆಗೆ ಮುಂದಿನವಕ್ಕೆ 80 ಇಟ್ಟೆ. ಸಿನಿಮಾ ಧ್ವನಿಯ ಗುಣಮಟ್ಟಕ್ಕೆ ಪ್ರಮಾಣಪತ್ರ ಕೊಡುವ ಟಿಎಚ್‌ಎಕ್ಸ್‌ನವರ ಶಿಫಾರಸೂ ಅದೇ. ಅದಕ್ಕಿಂತ ಮೇಲೇರಿದಷ್ಟೂ ಶಬ್ದ ಯಾವ ಮೂಲೆಯಿಂದ ಬರುತ್ತಿದೆ ಎಂಬುದನ್ನು ಕಿವಿ ಪತ್ತೆಹಚ್ಚತೊಡಗುತ್ತದೆ. ನಡುವಿನ ಸ್ಪೀಕರ್ ಇನ್ನೂ ಚಿಕ್ಕದು, ಅದಕ್ಕೆ 100.

ಹಿಂದಿನ ಪುಟ್ಟ ಸ್ಪೀಕರ್‌ಗಳಿಗೆ ನಿಯಮದಂತೆ 150 ಕೊಟ್ಟೆ. ಸಬ್‌ವೂಫರ್ ಆಗ ಸೋಫಾದ ಹಿಂದಿನ ಮೂಲೆಯಲ್ಲಿತ್ತು. ಗಂಡಸರ ಮಾತಿನ ತಳದ ಸ್ವರಗಳು ಹೆಚ್ಚಾಗಿ 85ರಿಂದ 180 ಹರ್ಟ್ಸ್ ನಡುವೆ ಇರುತ್ತವೆ. ಹೀಗಾಗಿ ಹಿಂದಿನಿಂದ ಮಾತಾಡುವ ಪಾತ್ರದ ಅರ್ಧ ಗಂಟಲು ನನ್ನ ಬೆನ್ನಿಗೇ ಅಂಟಿಕೊಂಡಂತೆ ಕೇಳಿಸಿತು. ಪೆಟ್ಟಿಗೆಯನ್ನು ಮುಂದಕ್ಕೆ, ಟೀವಿಯ ಪಕ್ಕಕ್ಕೆ ಎಳೆದು ತಂದು ಸಂಖ್ಯೆಯನ್ನು 120ಕ್ಕೆ ಇಳಿಸಿದೆ. ತುಸು ಬಾಸ್ ಹೋಯಿತು, ಮಾತು ಸ್ವಸ್ಥಾನಕ್ಕೆ ಬಂತು. ಈ ಕೊಡುಕೊಳ್ಳುವಿಕೆ ನನಗೆ ಒಪ್ಪಿಗೆ.

ಇಷ್ಟಾದರೂ ಮೃದಂಗ ಮಾತ್ರ ಪೂರ್ತಿ ಮೈದುಂಬಲಿಲ್ಲ. ಒಂದು ವಾರ ಮೆನುವಿನಲ್ಲೇ ಅಲೆದೆ. ತಪ್ಪು ಮೆನುವಿನಲ್ಲಿ ಇರಲೇ ಇಲ್ಲ. ಸಬ್‌ವೂಫರ್‌ನ ಬೆನ್ನಿನ ಮೇಲೆ ಅದರದೇ ಒಂದು ಕ್ರಾಸ್‌ಓವರ್ ಗುಂಡಿ ಇದೆ, ಅದು 60ರಲ್ಲಿ ನಿಂತಿತ್ತು. ರಿಸೀವರ್ 80ರ ಕೆಳಗಿನದ್ದನ್ನೆಲ್ಲ ಇತ್ತ ಕಳಿಸುತ್ತಿದೆ, ಪೆಟ್ಟಿಗೆ 60ರ ಮೇಲಿನದ್ದನ್ನು ಬಾಗಿಲಲ್ಲೇ ತಡೆಯುತ್ತಿದೆ. ನಡುವಿನ ಸ್ವರಗಳು ಯಾರ ಮನೆಯವೂ ಅಲ್ಲ. ಗುಂಡಿಯನ್ನು ಕೊನೆಯವರೆಗೆ ತಿರುಗಿಸಿದೆ. ಕೆಲವು ಪೆಟ್ಟಿಗೆಗಳಲ್ಲಿ ಎಲ್‌ಎಫ್‌ಇ ಎಂಬ ಪ್ರತ್ಯೇಕ ಕಿಂಡಿಯೇ ಇರುತ್ತದೆ, ಅಲ್ಲಿ ತಂತಿ ಸಿಕ್ಕಿಸಿದರೆ ಗುಂಡಿಯ ಕಾಟವಿಲ್ಲ. ಮೆನುವಿನಲ್ಲಿ ಎಲ್‌ಎಫ್‌ಇಗೆಂದು ಇರುವ ಇನ್ನೊಂದು ಮಿತಿಯನ್ನು 120ರಲ್ಲೇ ಬಿಟ್ಟೆ. ಅದು ಸಿನಿಮಾದ ಆ ಪ್ರತ್ಯೇಕ ಟ್ರ್ಯಾಕಿಗೆ ಸಂಬಂಧಿಸಿದ್ದು, ಸ್ಪೀಕರ್‌ಗಳ ಕ್ರಾಸ್‌ಓವರ್‌ಗೂ ಅದಕ್ಕೂ ನಂಟಿಲ್ಲ.

ಸ್ಥಳ ಬದಲಾದ ಮೇಲೆ ಮೈಕ್ ಇಟ್ಟು ಅಳತೆಯನ್ನು ಮತ್ತೆ ಮಾಡಿಸಿದೆ. ಅದು ಪುನಃ ಲಾರ್ಜ್ ಎಂದಿತು, ನಾನು ಪುನಃ 80 ಎಂದೆ. ಹೀಗೆ ಮೇಲೇರಿಸಿದರೆ ತೊಂದರೆಯಿಲ್ಲ. ಅದು ಹೇಳಿದ್ದಕ್ಕಿಂತ ಕೆಳಗಿಳಿಸಬಾರದು, ಅಲ್ಲಿ ಅದು ತಿದ್ದುಪಡಿಯನ್ನೇ ಮಾಡಿರದೆ ಇರಬಹುದು.

ಉಳಿದದ್ದು ಬೆಸುಗೆ. 80 ಹರ್ಟ್ಸ್‌ನಲ್ಲಿ ಸ್ಪೀಕರ್, ಸಬ್‌ವೂಫರ್ ಇಬ್ಬರೂ ಒಟ್ಟಿಗೆ ನುಡಿಯುತ್ತಾರೆ. ಒಬ್ಬ ತಳ್ಳುವಾಗ ಇನ್ನೊಬ್ಬ ಎಳೆದರೆ ಇಬ್ಬರ ದುಡಿಮೆಯೂ ಗಾಳಿಪಾಲು. 80 ಹರ್ಟ್ಸ್‌ನ ಪರೀಕ್ಷಾ ಸ್ವರವೊಂದನ್ನು ಹಚ್ಚಿ, ಸೋಫಾದಲ್ಲಿ ತಲೆ ಇರುವ ಕಡೆ ಮೊಬೈಲ್‌ನ ಶಬ್ದಮಾಪಕ ಇಟ್ಟು, ಮಗನಿಂದ ಸಬ್‌ವೂಫರ್‌ನ ತಳ್ಳು-ಎಳೆತವನ್ನು ತಿರುಗುಮುರುಗು ಮಾಡುವ ಫೇಸ್ ಸ್ವಿಚ್ಚನ್ನು ಸೊನ್ನೆಗೂ 180ಕ್ಕೂ ಬದಲಿಸಿಸಿದೆ. ಸೊನ್ನೆಯಲ್ಲಿ ಜೋರು. ಅಲ್ಲಿಗೇ ನಿಲ್ಲದೆ ಮೆನುವಿನಲ್ಲಿ ಸಬ್‌ವೂಫರ್‌ನ ‘ದೂರ’ದ ಅಂಕಿಯನ್ನು ಸ್ವಲ್ಪಸ್ವಲ್ಪವೇ ಕದಲಿಸುತ್ತಾ ಹೋದೆ; ಎಲ್ಲ ಪೆಟ್ಟಿಗೆಗಳ ಶಬ್ದವೂ ಒಟ್ಟಿಗೆ ತಲುಪುವಂತೆ ರಿಸೀವರ್ ಸಮಯ ಹೊಂದಿಸುವುದು ಈ ಅಂಕಿಯಿಂದಲೇ. ಒಂದು ಮೀಟರ್ ಎಂದರೆ ಸುಮಾರು 3 ಮಿಲಿಸೆಕೆಂಡ್, 80 ಹರ್ಟ್ಸ್‌ನ ಒಂದು ಸುತ್ತಿನ ಹತ್ತಿರ ಹತ್ತಿರ ಕಾಲುಭಾಗ. ಟೇಪು ಹಿಡಿದರೆ ಎರಡೂಮುಕ್ಕಾಲು ಮೀಟರ್ ಇರುವ ಜಾಗಕ್ಕೆ ಮೂರೂವರೆ ಎಂದು ಬರೆದಾಗ ಮಾಪಕ ಅತಿ ಎತ್ತರಕ್ಕೇರಿತು. ಪೆಟ್ಟಿಗೆಯೊಳಗಿನ ಆಂಪ್ಲಿಫೈಯರ್ ಮತ್ತು ಫಿಲ್ಟರ್‌ಗಳೂ ಶಬ್ದವನ್ನು ತಡಮಾಡಿಸುತ್ತವೆ, ಆದ್ದರಿಂದ ಈ ಸುಳ್ಳು ದೂರವೇ ಸರಿಯಾದ ದೂರ. ತೊಪ್ಪಿಗೆ ಜೀವ ಬಂದದ್ದು ಈ ಮುಕ್ಕಾಲು ಮೀಟರಿನಿಂದ.

ಕೋಣೆಯ ಜೊತೆಗಿನ ಜಗಳ ಮುಗಿದಿಲ್ಲ. ಹದಿನೈದು ಅಡಿ ಉದ್ದದ ಹಾಲ್ ಸುಮಾರು 38 ಹರ್ಟ್ಸ್‌ನಲ್ಲಿ ತಾನೇ ಗುಂಯ್ ಎನ್ನುತ್ತದೆ. ಹಿಂಗೋಡೆಗೆ ಅಂಟಿದ ಸೋಫಾದಲ್ಲಿ ಅದು ಅತಿ ಜೋರು. ಸೋಫಾವನ್ನು ಒಂದೂವರೆ ಅಡಿ ಮುಂದಕ್ಕೆ ತಂದಿದ್ದೆ. ಓಡಾಡಲು ಜಾಗವಿಲ್ಲವೆಂದು ಮರುದಿನವೇ ಅದು ವಾಪಸು ಹೋಯಿತು.

ಸಬ್‌ವೂಫರ್‌ನ ವಾಲ್ಯೂಮ್ ಮತ್ತು ಕ್ರಾಸ್‌ಓವರ್ ಗುಂಡಿಗಳೆರಡರ ಮೇಲೂ ಈಗ ಸೆಲ್ಲೋ ಟೇಪ್ ಹಚ್ಚಿದ್ದೇನೆ. 60ರಲ್ಲಿ ನಿಲ್ಲಿಸಿದವರು ಯಾರೆಂದು ಆಮೇಲೆ ಗೊತ್ತಾಯಿತು: ಪ್ರತಿ ಶುಕ್ರವಾರ ಶ್ರದ್ಧೆಯಿಂದ ಧೂಳು ಒರೆಸುತ್ತಿದ್ದವನು ನಾನೇ.