ಮಳೆಗಾಲದಲ್ಲೇ ಸರ್ವರ್ ಪರೀಕ್ಷೆ: ಕೂಡ್ಲೂರಿನ ಕಾಫಿ ವರ್ಕ್ಸ್‌ನಲ್ಲಿ ನನ್ನ ಅನುಭವ

ಸರ್ವರ್ ವರ್ಚುವಲೈಸೇಷನ್ ಸಾಫ್ಟ್‌ವೇರ್ ಪರೀಕ್ಷೆ ಮಾಡಲು ನಾನು ಬೇಕೆಂದೇ ಜೂನ್ ತನಕ ಕಾದೆ. 2024ರ ಫೆಬ್ರವರಿಯಲ್ಲೇ ಶುರು ಮಾಡಬಹುದಿತ್ತು. ಆದರೆ ಆ ತಿಂಗಳು ಕುಶಾಲನಗರದ ಹತ್ತಿರ ಕೂಡ್ಲೂರಿನಲ್ಲಿರುವ ನಮ್ಮ ಕಾಫಿ ಕ್ಯೂರಿಂಗ್ (ಕಾಫಿ ಸಂಸ್ಕರಿಸುವ) ವರ್ಕ್ಸ್‌ನಲ್ಲಿ ಯಾರಿಗೂ ಪುರಸೊತ್ತು ಇರುವುದಿಲ್ಲ. ರೊಬಸ್ಟಾ ಚೀಲ ಹೊತ್ತ ಲಾರಿಗಳು ವೇಬ್ರಿಡ್ಜ್ (ಲಾರಿ ತೂಕದ ಕಟ್ಟೆ) ಮುಂದೆ ಸಾಲು ನಿಂತಿರುತ್ತವೆ. ಆಗ ಸರ್ವರ್ ಮುಟ್ಟಿದರೆ ಬೆಳೆಗಾರರು ಬಿಸಿಲಲ್ಲಿ ಕಾಯಬೇಕಾಗುತ್ತದೆ. ಜೂನ್‌ಗೆ ಕೆಲಸ ಕಡಿಮೆ. ಜೊತೆಗೆ ಮಳೆ ಹಿಡಿಯುತ್ತದೆ, ಎಲ್ಲೋ ಮರ ಬಿದ್ದು ಕರೆಂಟ್ ಲೈನ್ ಹೋಗುತ್ತದೆ, ಇಂಟರ್‌ನೆಟ್ ಫೈಬರ್ ಕಡಿಯುತ್ತದೆ. ನನಗೆ ಬೇಕಾಗಿದ್ದ ಪರೀಕ್ಷೆ ಅದೇ. ಮೈಸೂರಿನ ಎಸಿ ರೂಮಿನಲ್ಲಿ ಚೆನ್ನಾಗಿ ಓಡುವ ಸಾಫ್ಟ್‌ವೇರ್ ಕೊಡಗಿನ ಜುಲೈನಲ್ಲಿ ಹೇಗೆ ಓಡುತ್ತದೆ ಎಂದು ನೋಡಬೇಕಿತ್ತು.

ವರ್ಚುವಲೈಸೇಷನ್ ಅಂದರೆ ಏನೆಂದು ನಮ್ಮ ಆಫೀಸಿನಲ್ಲಿ ಕೇಳಿದಾಗ ನಾನು ಲೈನ್ ಮನೆಯ ಉದಾಹರಣೆ ಕೊಟ್ಟೆ. ತೋಟದ ಲೈನ್ ಮನೆಗೆ ಸೂರು ಒಂದೇ. ಆದರೆ ಪ್ರತಿ ಮನೆಗೂ ಬೇರೆ ಬಾಗಿಲು, ಬೇರೆ ಒಲೆ. ಹಾಗೆಯೇ ಒಂದು ಸರ್ವರ್ ಒಳಗೆ ನಾಲ್ಕೈದು ಬೇರೆ ಬೇರೆ ಕಂಪ್ಯೂಟರ್‌ಗಳು ಇರುತ್ತವೆ. ಒಂದರ ಗಲಾಟೆ ಇನ್ನೊಂದಕ್ಕೆ ತಾಗುವುದಿಲ್ಲ. ಆದರೆ ಸೂರು ಹಾರಿ ಹೋದರೆ ಎಲ್ಲರೂ ನೆನೆಯುತ್ತಾರೆ. ಅದಕ್ಕೇ ಎರಡನೇ ಸರ್ವರ್ ಬೇಕು, ಬ್ಯಾಕಪ್ ಬೇಕು.

ನಮ್ಮಲ್ಲಿ ಇದ್ದ ವರ್ಚುವಲೈಸೇಷನ್ ಸಾಫ್ಟ್‌ವೇರ್ ವಿಎಂವೇರ್ ಕಂಪನಿಯ ಉಚಿತ ಇಎಸ್‌ಎಕ್ಸ್‌ಐ 6.7. ಅದರ ಮೇಲೆ ಮೂರು ವಿಂಡೋಸ್: ಒಂದು ಲೆಕ್ಕಪತ್ರದ ಟ್ಯಾಲಿಗೆ, ಒಂದು ವೇಬ್ರಿಡ್ಜ್ ಮತ್ತು ಅದರ ಡೇಟಾಬೇಸ್‌ಗೆ, ಇನ್ನೊಂದು ಕ್ಯಾಮೆರಾ ರೆಕಾರ್ಡಿಂಗ್‌ಗೆ. ವರ್ಷಗಟ್ಟಲೆ ತೊಂದರೆ ಕೊಡದೆ ಓಡಿತು, ಅದನ್ನು ಹೇಳಲೇಬೇಕು. ಆದರೆ 6.7ರ ಸಾಮಾನ್ಯ ಬೆಂಬಲ 2022ರ ಅಕ್ಟೋಬರ್ 15ಕ್ಕೇ ಮುಗಿದಿತ್ತು. 2023ರ ನವೆಂಬರ್‌ನಲ್ಲಿ ಬ್ರಾಡ್‌ಕಾಮ್ ವಿಎಂವೇರ್ ಅನ್ನು ಕೊಂಡಿತು. ಡಿಸೆಂಬರ್‌ನಲ್ಲಿ ಒಮ್ಮೆ ಕೊಂಡು ಶಾಶ್ವತವಾಗಿ ಇಟ್ಟುಕೊಳ್ಳುವ ಲೈಸೆನ್ಸ್ ಮಾರಾಟ ನಿಂತಿತು. 2024ರ ಫೆಬ್ರವರಿಯಲ್ಲಿ ಉಚಿತ ಇಎಸ್‌ಎಕ್ಸ್‌ಐ ಕೂಡ ನಿಂತಿತು. ಮುಂದೆ 2025ರ ಏಪ್ರಿಲ್‌ನಲ್ಲಿ ಉಚಿತ ಆವೃತ್ತಿ ಮತ್ತೆ ಬಂತು. ಆದರೆ ಅಷ್ಟು ಹೊತ್ತಿಗೆ ನಮ್ಮ ತೀರ್ಮಾನ ಆಗಿತ್ತು.

ಉಚಿತ ಇಎಸ್‌ಎಕ್ಸ್‌ಐಯಲ್ಲಿ ನನಗಿದ್ದ ದೊಡ್ಡ ಚಿಂತೆ ಬ್ಯಾಕಪ್. ಬ್ಯಾಕಪ್ ಸಾಫ್ಟ್‌ವೇರ್‌ಗಳು ಒಳಗೆ ಬರುವ ದಾರಿ ಉಚಿತ ಲೈಸೆನ್ಸ್‌ನಲ್ಲಿ ತೆರೆದಿರುವುದಿಲ್ಲ. ಹಾಗಾಗಿ ಪ್ರತಿ ಭಾನುವಾರ ಒಂದೊಂದೇ ಮೆಷಿನ್ (ಸರ್ವರ್ ಒಳಗಿನ ವರ್ಚುವಲ್ ಕಂಪ್ಯೂಟರ್) ಆಫ್ ಮಾಡಿ ಡಿಸ್ಕ್ ಫೈಲ್ ಕಾಪಿ ಮಾಡುತ್ತಿದ್ದೆ. ಮನೆಯಲ್ಲಿ ಮದುವೆ ಇದ್ದ ಭಾನುವಾರ ಬ್ಯಾಕಪ್ ಇಲ್ಲ, ಜ್ವರ ಬಂದ ಭಾನುವಾರವೂ ಇಲ್ಲ.

ಪರೀಕ್ಷೆಗೆ ಎರಡು ಟವರ್ ಸರ್ವರ್ ತಂದೆವು. ಎರಡೂ ಹಳೆಯವೇ. ಪ್ರತಿಯೊಂದಕ್ಕೂ 8 ಕೋರ್‌ನ ಒಂದು ಪ್ರೊಸೆಸರ್, 64 ಜಿಬಿ ರ‍್ಯಾಮ್. ಇಎಸ್‌ಎಕ್ಸ್‌ಐ 8, ಮೈಕ್ರೋಸಾಫ್ಟ್‌ನ ಹೈಪರ್-ವಿ, ಪ್ರಾಕ್ಸ್‌ಮಾಕ್ಸ್ ಮತ್ತು ಎಕ್ಸ್‌ಸಿಪಿ-ಎನ್‌ಜಿ, ಈ ನಾಲ್ಕು ವರ್ಚುವಲೈಸೇಷನ್ ಸಾಫ್ಟ್‌ವೇರ್‌ಗಳನ್ನೂ ಒಂದಾದ ಮೇಲೆ ಒಂದು ಹಾಕಿ ನೋಡಿದೆ. ಮಾಲೀಕರು ಮೊದಲ ದಿನವೇ ಕೇಳಿದ್ದು ಒಂದೇ ಮಾತು: ‘ಕೆಟ್ಟರೆ ಎಷ್ಟು ಹೊತ್ತಿಗೆ ಮತ್ತೆ ತೂಕ ಹಾಕಬಹುದು?’ ಆ ಪ್ರಶ್ನೆಯನ್ನೇ ನೋಟ್‌ಬುಕ್‌ನ ಮೊದಲ ಪುಟದಲ್ಲಿ ಬರೆದುಕೊಂಡೆ.

ಇಎಸ್‌ಎಕ್ಸ್‌ಐಯ 60 ದಿನದ ಟ್ರಯಲ್ ಹಾಕಿದೆ. ನಾಲ್ಕರಲ್ಲಿ ಅತಿ ಅಚ್ಚುಕಟ್ಟು ಅದೇ. ಆದರೆ ಎರಡು ವಿಷಯ ನಮಗೆ ಒಗ್ಗಲಿಲ್ಲ. ಅದು ಡಿಸ್ಕ್‌ಗಳನ್ನು ತಾನೇ ಜೋಡಿ ಮಾಡುವುದಿಲ್ಲ. ಕನ್ನಡಿಯ ಹಾಗೆ ಎರಡು ಡಿಸ್ಕ್‌ನಲ್ಲಿ ಒಂದೇ ಡೇಟಾ ಇಡಬೇಕಾದರೆ ಅದು ಒಪ್ಪುವ ರೇಡ್ ಕಾರ್ಡ್ ಬೇಕು. ನಮ್ಮ ಹಳೆಯ ಕಾರ್ಡ್ ಆ ಪಟ್ಟಿಯಲ್ಲಿ ಇರಲಿಲ್ಲ. ಇನ್ನೊಂದು ಲೈಸೆನ್ಸ್ ಲೆಕ್ಕ. ಪ್ರತಿ ಪ್ರೊಸೆಸರ್‌ಗೆ ಕನಿಷ್ಠ 16 ಕೋರ್ ಎಂದು ಎಣಿಸುತ್ತಾರೆ. ನಮ್ಮದು 8 ಕೋರ್. ಅಂದರೆ ಇರುವುದರ ಎರಡರಷ್ಟಕ್ಕೆ ವರ್ಷ ವರ್ಷ ಹಣ ಕಟ್ಟಬೇಕು. ನೂರಾರು ಮೆಷಿನ್ ಓಡಿಸುವ ಕಂಪನಿಗೆ ಇದು ಸರಿ ಹೋಗಬಹುದು. ಮೂರು ಮೆಷಿನ್ ಓಡಿಸುವ ನಮಗೆ ಸರಿ ಹೋಗಲಿಲ್ಲ.

ಲೈಸೆನ್ಸ್ ಬಗ್ಗೆ ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ, ಯಾಕೆಂದರೆ ತುಂಬಾ ಜನ ಇಲ್ಲಿ ಎಡವುತ್ತಾರೆ. ಕೆಳಗಿನ ಹೈಪರ್‌ವೈಸರ್ (ವರ್ಚುವಲ್ ಮೆಷಿನ್‌ಗಳನ್ನು ಓಡಿಸುವ ಸಾಫ್ಟ್‌ವೇರ್) ಉಚಿತ ಅಂದಮಾತ್ರಕ್ಕೆ ಒಳಗಿನ ವಿಂಡೋಸ್ ಉಚಿತ ಆಗುವುದಿಲ್ಲ. ವಿಂಡೋಸ್ ಸರ್ವರ್ ಸ್ಟ್ಯಾಂಡರ್ಡ್ ಕೂಡ ಒಂದು ಸರ್ವರ್‌ಗೆ ಕನಿಷ್ಠ 16 ಕೋರ್ ಎಣಿಸುತ್ತದೆ. ಅಷ್ಟು ಕೊಂಡರೆ ಅದರ ಮೇಲೆ ಎರಡು ವರ್ಚುವಲ್ ವಿಂಡೋಸ್ ಸರ್ವರ್ ಓಡಿಸಬಹುದು. ಮೂರನೆಯದು ಬೇಕಾದರೆ ಮತ್ತೆ ಅಷ್ಟೇ ಲೈಸೆನ್ಸ್ ಕೊಳ್ಳಬೇಕು. ಎರಡನೇ ಸರ್ವರ್‌ಗೆ ಯಾವಾಗ ಬೇಕಾದರೂ ಮೆಷಿನ್ ಸಾಗಿಸಬೇಕು ಅಂದರೆ ಅಲ್ಲಿಗೂ ಬೇರೆ ಲೈಸೆನ್ಸ್ ಬೇಕು. ಇದನ್ನು ಲೆಕ್ಕ ಹಾಕಿದ ಮೇಲೆ ಕ್ಯಾಮೆರಾ ರೆಕಾರ್ಡಿಂಗ್ ಅನ್ನು ಲಿನಕ್ಸ್‌ಗೆ ಸಾಗಿಸಿದೆ. ಒಂದು ವಿಂಡೋಸ್ ಖರ್ಚು ಅಲ್ಲೇ ಉಳಿಯಿತು.

ವಿಂಡೋಸ್ ಲೈಸೆನ್ಸ್ ಹೇಗೂ ಕೊಳ್ಳುತ್ತೇವೆ, ಹಾಗಾದರೆ ಅದರಲ್ಲೇ ಇರುವ ಹೈಪರ್-ವಿ ಸಾಕಲ್ಲ ಅಂತ ನನಗೂ ಅನಿಸಿತ್ತು. ಈಗಲೂ ಹೇಳುತ್ತೇನೆ, ಎಲ್ಲವೂ ವಿಂಡೋಸ್ ಆಗಿರುವ ಆಫೀಸಿಗೆ ಅದು ಒಳ್ಳೆಯ ಆಯ್ಕೆ. ಹೈಪರ್-ವಿ ರೆಪ್ಲಿಕಾ ನನಗೆ ತುಂಬಾ ಇಷ್ಟವಾಯಿತು. 30 ಸೆಕೆಂಡಿಗೊಮ್ಮೆ, 5 ನಿಮಿಷಕ್ಕೊಮ್ಮೆ ಅಥವಾ 15 ನಿಮಿಷಕ್ಕೊಮ್ಮೆ ಇನ್ನೊಂದು ಸರ್ವರ್‌ಗೆ ಬದಲಾವಣೆಗಳನ್ನು ಕಳಿಸುತ್ತದೆ. ನಮ್ಮಲ್ಲಿ ಡೊಮೇನ್ (ಎಲ್ಲ ವಿಂಡೋಸ್‌ಗಳನ್ನೂ ಒಂದೇ ಕಡೆಯಿಂದ ಗುರುತಿಸುವ ವ್ಯವಸ್ಥೆ) ಇಲ್ಲದ ಕಾರಣ ಸರ್ಟಿಫಿಕೇಟ್ ಮಾಡಿ ಜೋಡಿಸಬೇಕಾಯಿತು. ದೂರದಿಂದ ನಿರ್ವಹಿಸಲು ನಂಬಿಕೆಯ ಪಟ್ಟಿ, ಪಾಸ್‌ವರ್ಡ್ ಅಂತ ಒಂದೊಂದೇ ಗಂಟು ಬಿಚ್ಚಬೇಕಾಯಿತು. ಕೆಳಗಿನ ವಿಂಡೋಸ್‌ಗೂ ತಿಂಗಳ ಅಪ್‌ಡೇಟ್, ರೀಸ್ಟಾರ್ಟ್ ಇದ್ದೇ ಇದೆ. ಹಿಂದೆ ಮೈಕ್ರೋಸಾಫ್ಟ್ ಬರೀ ಹೈಪರ್-ವಿ ಇರುವ ಉಚಿತ ಸರ್ವರ್ ಕೊಡುತ್ತಿತ್ತು, ಆದರೆ 2019ರ ಆವೃತ್ತಿಯೇ ಕೊನೆಯದು.

ಎಕ್ಸ್‌ಸಿಪಿ-ಎನ್‌ಜಿ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಚೆನ್ನಾಗಿಯೇ ಇತ್ತು. ಆದರೆ ಅದರಲ್ಲಿ ಆಗ ಒಂದು ವರ್ಚುವಲ್ ಡಿಸ್ಕ್‌ಗೆ 2 ಟಿಬಿ ಮಿತಿ. ನಮ್ಮ ಕ್ಯಾಮೆರಾ ರೆಕಾರ್ಡಿಂಗ್‌ಗೆ 4 ಟಿಬಿ ಬೇಕು. ಅಲ್ಲಿಗೇ ನಿಲ್ಲಿಸಿದೆ.

ಪ್ರಾಕ್ಸ್‌ಮಾಕ್ಸ್ ವಿಯೆನ್ನಾದ ಕಂಪನಿಯದು. ಕೆಳಗೆ ಡೆಬಿಯನ್ ಲಿನಕ್ಸ್, ಅದರ ಮೇಲೆ ಲಿನಕ್ಸ್‌ನದೇ ಹೈಪರ್‌ವೈಸರ್ ಆದ ಕೆವಿಎಂ. 2024ರ ಏಪ್ರಿಲ್‌ನಲ್ಲಿ ಬಂದ 8.2ರಲ್ಲಿ ಇಎಸ್‌ಎಕ್ಸ್‌ಐಯಿಂದ ಮೆಷಿನ್‌ಗಳನ್ನು ನೇರ ಎಳೆದುಕೊಳ್ಳುವ ಸೌಲಭ್ಯವೂ ಸೇರಿತ್ತು. ಡಿಸ್ಕ್‌ಗಳನ್ನು ತಾನೇ ನಿರ್ವಹಿಸುವ ಝಡ್‌ಎಫ್‌ಎಸ್ ಎಂಬ ಫೈಲ್ ವ್ಯವಸ್ಥೆ ಇರುವುದರಿಂದ ರೇಡ್ ಕಾರ್ಡ್ ಇಲ್ಲದೆಯೇ ಡಿಸ್ಕ್ ಜೋಡಿ ಮಾಡಬಹುದು. ಆದರೆ ಮೊದಲು ನಾನು ಅಂಗಡಿಯಲ್ಲಿ ಸಿಗುವ ಸಾಮಾನ್ಯ ಎಸ್‌ಎಸ್‌ಡಿ ಹಾಕಿದ್ದೆ. ಡೇಟಾಬೇಸ್ ಕೆಲಸ ಶುರುವಾದ ಕೂಡಲೇ ಎಲ್ಲವೂ ನಿಧಾನ. ಡೇಟಾಬೇಸ್ ಪ್ರತಿ ಸಲ ‘ಇದು ಡಿಸ್ಕ್‌ನಲ್ಲಿ ನಿಜವಾಗಿ ಬರೆದಾಯಿತಾ?’ ಎಂದು ಕೇಳುತ್ತದೆ, ಉತ್ತರ ಬರುವ ತನಕ ಕಾಯುತ್ತದೆ. ಪ್ರಾಕ್ಸ್‌ಮಾಕ್ಸ್‌ನಲ್ಲೇ ಇದನ್ನು ಅಳೆಯುವ ಒಂದು ಸಣ್ಣ ಆಜ್ಞೆ ಇದೆ. ಸಾಮಾನ್ಯ ಡಿಸ್ಕ್‌ನಲ್ಲಿ ಸೆಕೆಂಡಿಗೆ ಇಂಥ ಕೆಲವು ನೂರು ಉತ್ತರ ಬಂತು. ಕರೆಂಟ್ ಹೋದರೂ ಕೈಯಲ್ಲಿದ್ದದ್ದನ್ನು ಬರೆದು ಮುಗಿಸುವ, ಒಳಗೆ ಕೆಪಾಸಿಟರ್ ಇರುವ ಸರ್ವರ್ ಎಸ್‌ಎಸ್‌ಡಿ ಹಾಕಿದ ಮೇಲೆ ಸಾವಿರಗಳಿಗೆ ಏರಿತು. ಇಡೀ ಖರ್ಚಿನಲ್ಲಿ ನಾನು ಅತಿ ಸಮಾಧಾನದಿಂದ ಮಾಡಿದ ಖರ್ಚು ಇದೇ.

ಇಎಸ್‌ಎಕ್ಸ್‌ಐಯಿಂದ ತರುವಾಗ ಒಂದು ಕ್ರಮ ಪಾಲಿಸಿ. ಹಳೆಯ ಮೆಷಿನ್‌ನಲ್ಲಿರುವ ವಿಎಂವೇರ್ ಟೂಲ್ಸ್ ಎಂಬ ಸಹಾಯಕ ಸಾಫ್ಟ್‌ವೇರ್ ಮೊದಲೇ ತೆಗೆದುಹಾಕಿ. ಹೊಸ ಕಡೆ ಬೂಟ್ ಡಿಸ್ಕ್ ಅನ್ನು ಮೊದಲು ಸಾಟಾ (ವಿಂಡೋಸ್‌ಗೆ ಮೊದಲೇ ಗೊತ್ತಿರುವ ಡಿಸ್ಕ್ ಬಗೆ) ಎಂದೇ ಜೋಡಿಸಿ. ಜೊತೆಗೆ 1 ಜಿಬಿಯ ಸುಮ್ನೆ ಒಂದು ವರ್ಟ್‌ಐಒ (ವರ್ಚುವಲ್ ಮೆಷಿನ್‌ಗೆಂದೇ ಮಾಡಿದ ವೇಗದ ಬಗೆ) ಡಿಸ್ಕ್ ಸೇರಿಸಿ ಡ್ರೈವರ್ ಹಾಕಿ. ಆಮೇಲೆ ಬೂಟ್ ಡಿಸ್ಕ್ ಬದಲಾಯಿಸಿ. ಈ ಕ್ರಮ ಬಿಟ್ಟರೆ ವಿಂಡೋಸ್ ನೀಲಿ ಪರದೆ ತೋರಿಸಿ ನಿಲ್ಲುತ್ತದೆ. ನೆಟ್‌ವರ್ಕ್ ಕಾರ್ಡ್ ಹೊಸದಾಗುವುದರಿಂದ ಐಪಿ ವಿಳಾಸವನ್ನೂ ಮತ್ತೆ ಹಾಕಬೇಕು. ಟ್ಯಾಲಿ ಲೈಸೆನ್ಸ್ ಅನ್ನು ಹಳೆಯ ಮೆಷಿನ್‌ನಲ್ಲಿ ಸರೆಂಡರ್ ಮಾಡಿ ಹೊಸದರಲ್ಲಿ ಆ್ಯಕ್ಟಿವೇಟ್ ಮಾಡಿದೆ. ಅದಕ್ಕೆ ಇಂಟರ್‌ನೆಟ್ ಇರುವ ದಿನವನ್ನೇ ಆರಿಸಬೇಕು.

ವೇಬ್ರಿಡ್ಜ್‌ದು ಬೇರೆಯೇ ಕಥೆ. ತೂಕದ ಇಂಡಿಕೇಟರ್‌ನಿಂದ ಸೀರಿಯಲ್ ವೈರ್ ಬರುತ್ತದೆ. ಅದನ್ನು ಯುಎಸ್‌ಬಿಗೆ ಬದಲಿಸಿ ಒಂದು ಸರ್ವರ್‌ಗೆ ಚುಚ್ಚಿ, ಒಳಗಿನ ಮೆಷಿನ್‌ಗೆ ಕೊಟ್ಟಿದ್ದೆ. ಕೆಲಸ ಮಾಡಿತು. ಆದರೆ ಮೆಷಿನ್ ಎರಡನೇ ಸರ್ವರ್‌ಗೆ ಹೋದಾಗ ವೈರ್ ಮೊದಲನೆಯದರಲ್ಲೇ ಉಳಿಯಿತು. ಕೊನೆಗೆ ಸೀರಿಯಲ್ ಅನ್ನು ನೆಟ್‌ವರ್ಕ್ ಮೇಲೆ ಕಳಿಸುವ ಸಣ್ಣ ಪೆಟ್ಟಿಗೆ ತಂದು ಗೇಟಿನ ಹತ್ತಿರದ ತೂಕದ ರೂಮಿನಲ್ಲಿಟ್ಟೆ. ಈಗ ಮೆಷಿನ್ ಯಾವ ಸರ್ವರ್‌ನಲ್ಲಿದ್ದರೂ ತೂಕ ಬರುತ್ತದೆ. ಯಾವ ಹೈಪರ್‌ವೈಸರ್ ಆರಿಸಿದರೂ ಈ ಕೆಲಸ ಮೊದಲು ಮಾಡಿ.

ಜುಲೈ ಕೊನೆಗೆ, ಎರಡೂ ಸರ್ವರ್‌ನಲ್ಲಿ ಪ್ರಾಕ್ಸ್‌ಮಾಕ್ಸ್ ಓಡುತ್ತಿದ್ದಾಗ, ನಿಜವಾದ ಪರೀಕ್ಷೆ ಬಂತು. ಪಕ್ಕದ ವಯನಾಡಿನಲ್ಲಿ 30ರಂದು ಗುಡ್ಡ ಕುಸಿದ ವಾರ ಅದು. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲೇ ಗುಡ್ಡ ಕುಸಿದದ್ದನ್ನು ನೋಡಿದವರು ನಾವು. ಮಳೆಯ ಸದ್ದು ಕೇಳಿದರೇ ನಿದ್ದೆ ಬರುವುದಿಲ್ಲ. ಕುಶಾಲನಗರದ ಕಡೆ ಮಡಿಕೇರಿಯಷ್ಟು ಮಳೆ ಇಲ್ಲ, ಆದರೆ ಲೈನ್ ಬರುವ ದಾರಿಯಲ್ಲಿ ಎಲ್ಲಿ ಮರ ಬಿದ್ದರೂ ನಮಗೆ ಕತ್ತಲೆ. ಆ ವಾರ ಒಂದು ರಾತ್ರಿ ಕರೆಂಟ್ ಹೋಗಿ ಯುಪಿಎಸ್ ಮುಗಿಯುವ ಮೊದಲು ಎರಡೂ ಸರ್ವರ್ ತಾವೇ ಸರಿಯಾಗಿ ಆಫ್ ಆದವು. ಅದು ನಾನು ಜೋಡಿಸಿದ ಹಾಗೇ ಆಯಿತು. ಬೆಳಗ್ಗೆ ಕರೆಂಟ್ ಬಂತು. ವಾಚ್‌ಮನ್ ಅಣ್ಣ ಫೋನ್ ಮಾಡಿ, ‘ಸಾರ್, ಒಂದರಲ್ಲಿ ಮಾತ್ರ ಲೈಟ್ ಇದೆ’ ಎಂದರು. ಎರಡನೇ ಸರ್ವರ್‌ನ ಬಯಾಸ್‌ನಲ್ಲಿ (ಆನ್ ಆಗುವಾಗಿನ ಮೂಲ ಸೆಟ್ಟಿಂಗ್‌ಗಳಲ್ಲಿ), ಕರೆಂಟ್ ಬಂದರೆ ತಾನೇ ಆನ್ ಆಗು ಎನ್ನುವ ಸೆಟ್ಟಿಂಗ್ ನಾನು ಹಾಕಿರಲಿಲ್ಲ. ಸರಿ, ಒಂದು ಆನ್ ಆಗಿದೆಯಲ್ಲ ಎಂದುಕೊಂಡೆ. ಆಫೀಸಿಗೆ ಹೋಗಿ ನೋಡಿದರೆ ಅದರೊಳಗಿನ ಒಂದೂ ಮೆಷಿನ್ ಎದ್ದಿರಲಿಲ್ಲ.

ಇದರ ಕಾರಣ ಕ್ಲಸ್ಟರ್, ಅಂದರೆ ಎರಡೂ ಸರ್ವರ್ ಒಂದೇ ಗುಂಪಾಗಿ ಕೆಲಸ ಮಾಡುವ ಜೋಡಣೆ. ಎರಡು ಸರ್ವರ್ ಕ್ಲಸ್ಟರ್ ಆದಾಗ ಇಬ್ಬರಿಗೂ ಒಂದೊಂದು ವೋಟು. ಅರ್ಧಕ್ಕಿಂತ ಜಾಸ್ತಿ ವೋಟು ಸಿಕ್ಕಿದರೆ ಮಾತ್ರ ಮೆಷಿನ್ ಶುರು ಮಾಡುತ್ತದೆ. ಇಬ್ಬರೂ ಒಂದೇ ಮೆಷಿನ್ ಓಡಿಸಿ ಡೇಟಾ ಕೆಡಬಾರದು ಎಂಬ ಕಾಳಜಿ ಅದು, ತಪ್ಪಲ್ಲ. ಆದರೆ ಒಬ್ಬರೇ ಎದ್ದರೆ ಒಂದು ವೋಟು, ಅದು ಸಾಲದು. ಒಂದು ವೋಟೇ ಸಾಕು ಎಂದು ಕೈಯಾರೆ ಹೇಳಿ ಅವತ್ತಿನ ಕೆಲಸ ನಡೆಸಿದೆ. ಮುಂದಿನ ವಾರ ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಒಂದು ಕಂಪ್ಯೂಟರ್ ತಂದು ಮೂರನೇ ವೋಟಿಗೆ ಇಟ್ಟೆ. ಅದನ್ನು ಸರ್ವರ್ ರೂಮಿನಲ್ಲಿ ಇಡಲಿಲ್ಲ. ತೂಕದ ರೂಮಿನಲ್ಲಿ, ಬೇರೆ ಸಣ್ಣ ಯುಪಿಎಸ್ ಮೇಲೆ ಇಟ್ಟೆ. ಜುಲೈ ಬದಲು ಜನವರಿಯಲ್ಲಿ ಇದು ಗೊತ್ತಾಗಿದ್ದರೆ ಎಷ್ಟು ಲಾರಿ ನಿಲ್ಲುತ್ತಿದ್ದವೋ.

ಆಮೇಲೆ ಹತ್ತು ಸಲ ಬೇಕೆಂದೇ ಪ್ಲಗ್ ಕಿತ್ತೆ. ಟ್ಯಾಲಿಯಲ್ಲಿ ಎಂಟ್ರಿ ಹಾಕುವಾಗ, ಡೇಟಾಬೇಸ್ ಬರೆಯುವಾಗ, ಬ್ಯಾಕಪ್ ನಡೆಯುವಾಗ. ಎಲ್ಲ ಪರೀಕ್ಷೆಯೂ ಡೇಟಾದ ನಕಲಿನ ಮೇಲೆ. ಹತ್ತು ಸಲವೂ ಝಡ್‌ಎಫ್‌ಎಸ್ ಸರಿಯಾಗಿ ಎದ್ದಿತು.

ಬ್ಯಾಕಪ್‌ಗೆ ಪ್ರಾಕ್ಸ್‌ಮಾಕ್ಸ್ ಬ್ಯಾಕಪ್ ಸರ್ವರ್ ಹಾಕಿದೆ. ಬದಲಾದ ತುಂಡುಗಳನ್ನಷ್ಟೇ ಇಡುವುದರಿಂದ ದಿನದ ಬ್ಯಾಕಪ್ ಚಿಕ್ಕದು. ಒಂದು ಪ್ರತಿ ಕೂಡ್ಲೂರಿನಲ್ಲಿ, ಇನ್ನೊಂದು ಗೋಣಿಕೊಪ್ಪಲಿನ ನಮ್ಮ ಆಫೀಸಿನಲ್ಲಿ. ಮೊದಲ ಸಲದ ಪೂರ್ತಿ ಡೇಟಾ ಆ ಇಂಟರ್‌ನೆಟ್‌ನಲ್ಲಿ ಹೋಗುವ ಮಾತೇ ಇರಲಿಲ್ಲ. ಗೋಣಿಕೊಪ್ಪಲಿನ ಮೆಷಿನ್ ಅನ್ನೇ ಇಲ್ಲಿಗೆ ತಂದು ತುಂಬಿಸಿ, ಸಿದ್ದಾಪುರದ ಮೇಲೆ ಜೀಪಿನಲ್ಲಿ ವಾಪಸ್ ಕೊಂಡೊಯ್ದೆ. ಈಗ ರಾತ್ರಿ ಹೊಸ ತುಂಡುಗಳು ಮಾತ್ರ ಹೋಗುತ್ತವೆ. ಫೈಬರ್ ಕಡಿದ ದಿನ ನಿಲ್ಲುತ್ತದೆ, ಸರಿಯಾದ ಮೇಲೆ ಬಾಕಿ ಇದ್ದದ್ದು ಹೋಗುತ್ತದೆ.

ಮಾಲೀಕರ ಎರಡನೇ ಪ್ರಶ್ನೆ ಮೊದಲನೆಯದಕ್ಕಿಂತ ಕಷ್ಟದ್ದು. ‘ನೀವು ಇಲ್ಲದ ದಿನ ಇದನ್ನು ಯಾರು ನೋಡ್ತಾರೆ?’ ವಿಂಡೋಸ್ ಗೊತ್ತಿರುವವರು ಮೈಸೂರಿನಿಂದ ಬರುತ್ತಾರೆ. ಪ್ರಾಕ್ಸ್‌ಮಾಕ್ಸ್ ಗೊತ್ತಿರುವವರು ಕಡಿಮೆ. ಹೈಪರ್-ವಿ ಕಡೆಗೆ ವಾಲಲು ಇದೇ ಬಲವಾದ ಕಾರಣ ಆಗಿತ್ತು. ಪ್ರಾಕ್ಸ್‌ಮಾಕ್ಸ್ ದುಡ್ಡು ಕೊಡದೆಯೂ ಓಡುತ್ತದೆ. ಆದರೂ ಎರಡೂ ಪ್ರೊಸೆಸರ್‌ಗೆ ಬೆಂಬಲ ಸಿಗುವ ಸಬ್‌ಸ್ಕ್ರಿಪ್ಷನ್ ತೆಗೆದುಕೊಂಡೆವು. ಅವರ ಬೆಂಬಲ ಆಸ್ಟ್ರಿಯಾದ ಕೆಲಸದ ದಿನಗಳಲ್ಲಿ. ಜನವರಿಯಲ್ಲಿ ಅಲ್ಲಿ ಬೆಳಗ್ಗೆ 9 ಆದಾಗ ನಮಗೆ ಮಧ್ಯಾಹ್ನ ಒಂದೂವರೆ. ಬೆಳಗಿನ ಲಾರಿ ಹೊತ್ತಿಗೆ ನಾವೇ ನೋಡಿಕೊಳ್ಳಬೇಕು.

ಹಾಗಾಗಿ ಕನ್ನಡದಲ್ಲಿ 12 ಪುಟದ ನೋಟ್‌ಬುಕ್ ಬರೆದೆ, ಪರದೆಯ ಚಿತ್ರಗಳ ಸಮೇತ. ಕೊಡವರ ಕೈಲ್‌ಪೋಳ್ದ್ ಹಬ್ಬ ಕಳೆದ ಮೇಲಿನ ಒಂದು ಶನಿವಾರ ಅದನ್ನು ಅಕೌಂಟ್ಸ್ ಅಕ್ಕನ ಕೈಗೆ ಕೊಟ್ಟು, ಮೊದಲ ಸರ್ವರ್‌ನ ಪ್ಲಗ್ ಕಿತ್ತು, ನಾನು ಹೊರಗೆ ಹೋಗಿ ಕೂತೆ. ಅವರು ಸರ್ವರ್ ಮುಟ್ಟಿದವರೇ ಅಲ್ಲ. 7ನೇ ಪುಟದಲ್ಲಿ ಸಿಕ್ಕಿಕೊಂಡರು. ನಾನು ಅಲ್ಲಿ ಯಾವ ಬಟನ್ ಎಂದು ಬರೆದಿರಲಿಲ್ಲ. ತಾವೇ ಹುಡುಕಿ ಮುಂದೆ ಹೋದರು. 26 ನಿಮಿಷಕ್ಕೆ ಬಾಗಿಲಿನಿಂದ ಇಣುಕಿ, ‘ತೂಕ ಬರ್ತಾ ಇದೆ, ಬಂದು ನೋಡಿ’ ಎಂದರು. 7ನೇ ಪುಟವನ್ನು ಅವತ್ತೇ ತಿದ್ದಿದೆ. ಮುಂದಿನ ಸಲ ಅವರಿಗೆ 15 ನಿಮಿಷ ಸಾಕಾಯಿತು.