ಕುರ್ಚಿಯ ಪಕ್ಕದಲ್ಲೇ ಬೇರೆಯಾಗಬೇಕಾದ ಕಸ: ಸಲೂನ್, ಬ್ಯೂಟಿ ಪಾರ್ಲರ್ ನಡೆಸುವವರಿಗೆ

ನಮ್ಮ ವೃತ್ತಿಯ ಕಸದಲ್ಲಿ ಎಲ್ಲಕ್ಕಿಂತ ಹಗುರವಾದದ್ದು ಅರ್ಧ ಬ್ಲೇಡು. ಎಲ್ಲಕ್ಕಿಂತ ಹೆಚ್ಚು ಅಂಜಬೇಕಾದದ್ದೂ ಅದಕ್ಕೇ. ಬ್ಲೇಡನ್ನು ಕಾಗದದ ಹೊದಿಕೆಯೊಳಗೇ ಉದ್ದಕ್ಕೆ ಬಾಗಿಸಿ ಮುರಿದು, ಒಂದು ಪಾಲನ್ನು ಕತ್ತಿಗೆ ಸಿಕ್ಕಿಸಿ ಗಡ್ಡ ಮಾಡಿದ ಮೇಲೆ, ಬೆಳಗಾವಿಯ ಶಹಾಪುರದಲ್ಲಿರುವ ನನ್ನ ಅಂಗಡಿಯಲ್ಲಿ ಬಹಳ ವರ್ಷ ಅದನ್ನು ಪತ್ರಿಕೆಯ ಚೂರಿನಲ್ಲಿ ಸುತ್ತಿ ಕೂದಲಿನ ಚೀಲಕ್ಕೇ ಹಾಕುತ್ತಿದ್ದೆವು. ಒಂದು ಬೆಳಿಗ್ಗೆ ಕಸದ ಗಾಡಿಯೊಂದಿಗೆ ಬಂದ ಪೌರಕಾರ್ಮಿಕ ಮಹಿಳೆಯೊಬ್ಬರು ಆ ಚೀಲವನ್ನು ಅದುಮಿ ಬಾಯಿ ಕಟ್ಟುವಾಗ ಕಾಗದ ಹರಿದು ಬ್ಲೇಡು ಅವರ ಅಂಗೈಯನ್ನು ಸೀಳಿತು. ಅವರು ಬೈಯಲಿಲ್ಲ. "ಯಾರ ಗಡ್ಡಾ ಮಾಡಿದ ಬ್ಲೇಡ್ ರೀ ಇದು? ಅವರಿಗೇನರ ರೋಗ ಇತ್ತೇನು?" ಎಂದಷ್ಟೇ ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಅಂದಿನಿಂದ ಮಾಡಿಕೊಂಡು ಬಂದ ವ್ಯವಸ್ಥೆಯನ್ನು ಇಲ್ಲಿ ವಿವರಿಸುತ್ತಿದ್ದೇನೆ.

ಹೆಪಟೈಟಿಸ್ ಬಿ ವೈರಾಣು ದೇಹದ ಹೊರಗೆ, ಒಣಗಿದ ರಕ್ತದಲ್ಲಿಯೂ, ಕನಿಷ್ಠ 7 ದಿನ ಸೋಂಕು ಹರಡುವ ಶಕ್ತಿಯನ್ನು ಉಳಿಸಿಕೊಳ್ಳಬಲ್ಲದು. ಆದುದರಿಂದ ಕಣ್ಣಿಗೆ ಸ್ವಚ್ಛವಾಗಿ ಕಾಣುವ ಬ್ಲೇಡನ್ನೂ ರಕ್ತ ತಾಗಿದ ಬ್ಲೇಡೆಂದೇ ಎಣಿಸಬೇಕು. ಒತ್ತಿದರೆ ಬಾಗದ ದಪ್ಪ ಪ್ಲಾಸ್ಟಿಕ್ ಡಬ್ಬಿ ಅಥವಾ ತಗಡಿನ ಡಬ್ಬಿಯೊಂದನ್ನು ತೆಗೆದುಕೊಂಡು, ಅದರ ಮುಚ್ಚಳದಲ್ಲಿ ಬ್ಲೇಡು ಇಳಿಯುವಷ್ಟು, ಬೆರಳು ಹೋಗದಷ್ಟು ಸೀಳು ಮಾಡಿ, ಮುಚ್ಚಳವನ್ನು ಟೇಪಿನಿಂದ ಬಿಗಿಯಬೇಕು. ಗಾಜಿನ ಬಾಟಲಿ ಒಡೆಯುತ್ತದೆ, ನೀರಿನ ತೆಳು ಬಾಟಲಿಯನ್ನು ಬ್ಲೇಡು ಸೀಳುತ್ತದೆ, ಎರಡೂ ಬೇಡ. ಡಬ್ಬಿ ಗಿರಾಕಿಯ ಕುರ್ಚಿಯಿಂದ ಕೈಯಳತೆಯಲ್ಲೇ ಇರಬೇಕು, ಏಕೆಂದರೆ ನಾಲ್ಕು ಹೆಜ್ಜೆ ನಡೆಯಬೇಕಾದರೂ ಅವಸರದ ದಿನ ಬ್ಲೇಡು ಕನ್ನಡಿಯ ಕಟ್ಟೆಯ ಮೇಲೆಯೇ ಉಳಿಯುತ್ತದೆ. ಶ್ರಾವಣವಿಡೀ ಗಡ್ಡ ಬಿಟ್ಟವರೆಲ್ಲ ಗಣೇಶ ಚೌತಿಯ ಮುಂಚೆ ಒಮ್ಮೆಲೇ ಬಂದು ಕೂರುವ ದಿನಗಳಲ್ಲಿ ಇದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. ಮುರಿದು ಉಳಿದ ಇನ್ನರ್ಧ, ಗುಳ್ಳೆ ಒಡೆಯುವ ಸೂಜಿ, ಕಿವಿ ಚುಚ್ಚಿದ ಸೂಜಿ ಇವೆಲ್ಲವೂ ಅದೇ ಡಬ್ಬಿಗೆ. ಮುಕ್ಕಾಲು ತುಂಬಿದೊಡನೆ ಸೀಳನ್ನು ಮುಚ್ಚಿ, ಮೇಲೆ "ಬ್ಲೇಡು, ತೆರೆಯಬೇಡಿ" ಎಂದು ಕನ್ನಡದಲ್ಲೂ ಮರಾಠಿಯಲ್ಲೂ ದೊಡ್ಡದಾಗಿ ಬರೆಯಬೇಕು.

ಇಷ್ಟಾಗಿಯೂ ಕೈ ಕೊಯ್ದುಕೊಂಡರೆ ಗಾಯವನ್ನು ಹಿಂಡದೆ, ಹರಿಯುವ ನೀರು ಮತ್ತು ಸಾಬೂನಿನಿಂದ ತೊಳೆದು, ತಡಮಾಡದೆ ಜಿಲ್ಲಾ ಆಸ್ಪತ್ರೆಗೆ ಹೋಗಬೇಕು. ಎಚ್‌ಐವಿ ತಡೆಯುವ ಔಷಧಿಯನ್ನು 72 ಗಂಟೆಗಳೊಳಗೆ, ಅದರಲ್ಲೂ ಮೊದಲ ಕೆಲವು ಗಂಟೆಗಳಲ್ಲೇ, ಆರಂಭಿಸಿದರೆ ಮಾತ್ರ ಪ್ರಯೋಜನ. ಅಂಗಡಿಯಲ್ಲಿ ದುಡಿಯುವ ಪ್ರತಿಯೊಬ್ಬರೂ ಹೆಪಟೈಟಿಸ್ ಬಿ ಲಸಿಕೆಯನ್ನು ಹಾಕಿಸಿಕೊಂಡಿರಲೇಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಕೂದಲಿನ ವಿಷಯದಲ್ಲಿ ನಾವು ಮಾಡುವ ದೊಡ್ಡ ತಪ್ಪು ಸುಡುವುದು. ಕೂದಲಿನಲ್ಲಿರುವ ಗಂಧಕ ಮತ್ತು ಸಾರಜನಕ ಉರಿದಾಗ ಬರುವ ಹೊಗೆ ದುರ್ವಾಸನೆಯದಷ್ಟೇ ಅಲ್ಲ, ವಿಷಕಾರಿಯೂ ಹೌದು. ಬಯಲಿನಲ್ಲಿ ಕಸ ಸುಟ್ಟವರಿಗೆ 5,000 ರೂಪಾಯಿ ದಂಡ ವಿಧಿಸಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರ ಡಿಸೆಂಬರ್‌ನಲ್ಲೇ ಆದೇಶಿಸಿದೆ. ಉದ್ದ ಕೂದಲಿಗೆ ಬೆಲೆಯಿದೆ. ಕೊಪ್ಪಳದ ಭಾಗ್ಯನಗರ ಕೂದಲಿನ ಸಂಸ್ಕರಣೆಗೇ ಹೆಸರಾದ ಊರಾದ್ದರಿಂದ ನಮ್ಮ ಕಡೆಯೂ ಕೊಳ್ಳುವವರು ಸಿಗುತ್ತಾರೆ. ಅದನ್ನು ಒಣಗಿಸಿ ಬೇರೆ ಚೀಲದಲ್ಲಿ ಇಟ್ಟರಾಯಿತು. ತುಂಡು ಕೂದಲಿನಲ್ಲಿ ಶೇ. 15ರ ಆಸುಪಾಸಿನಲ್ಲಿ ಸಾರಜನಕವಿರುವುದರಿಂದ ತಿಪ್ಪೆಗೆ ಅದು ಒಳ್ಳೆಯ ಗೊಬ್ಬರ, ಆದರೆ ಮುದ್ದೆಯಾಗಿ ಸುರಿದರೆ ಕಂಬಳಿಯಂತೆ ಹೆಣೆದುಕೊಂಡು ವರ್ಷಗಟ್ಟಲೆ ಹಾಗೆಯೇ ಉಳಿಯುತ್ತದೆ. ಸಗಣಿಯ ಜೊತೆ ತೆಳುವಾಗಿ, ಪದರ ಪದರವಾಗಿ ಹರಡಬೇಕು. ಬಣ್ಣ ಹಾಕಿದ, ನೇರಗೊಳಿಸಿದ ಕೂದಲನ್ನು ಹೊಲಕ್ಕೆ ಕೊಡಬಾರದು. ಅದಕ್ಕಾಗಿ ಬಣ್ಣದ ಕೆಲಸಕ್ಕೆ ಮುಂಚೆಯೇ ನೆಲ ಗುಡಿಸಿಬಿಡುವುದು ಸುಲಭದ ಉಪಾಯ.

ತಲೆ ತೊಳೆಯುವ ಬೇಸಿನ್ನಿನ ಬಾಯಿಗೆ ಸಣ್ಣ ಕಣ್ಣಿನ ಜಾಲರಿ ಕೂರಿಸಿ, ಅದರಲ್ಲಿ ಸಿಕ್ಕ ಕೂದಲನ್ನು ದಿನವೂ ತೆಗೆಯಬೇಕು. ಚರಂಡಿಗೆ ಇಳಿದ ಕೂದಲಿಗೆ ವ್ಯಾಕ್ಸ್ ಅಂಟಿಕೊಂಡರೆ ಮಳೆಗಾಲದಲ್ಲಿ ಬೀದಿಯ ನೀರೇ ಹಿಂದಕ್ಕೆ ಬರುತ್ತದೆ. ನಮ್ಮ ಬೆಳಗಾವಿಯ ಬಳ್ಳಾರಿ ನಾಲೆ ತುಂಬಿ ಊರಿನ ಕೊಳಚೆಯೆಲ್ಲ ಶಹಾಪುರ, ವಡಗಾವಿಯ ಭತ್ತದ ಗದ್ದೆಗಳಿಗೆ ನುಗ್ಗುವುದನ್ನು ನೋಡಿದವರಿಗೆ ಬೇಸಿನ್ನಿಗೆ ಸುರಿದದ್ದು ಎಲ್ಲಿಗೆ ಹೋಗುತ್ತದೆ ಎಂದು ಬೇರೆ ಹೇಳಬೇಕಿಲ್ಲ.

ಬಣ್ಣಗಳ ವಿಷಯದಲ್ಲಿ ಹೆಚ್ಚಿನ ಎಚ್ಚರ ಬೇಕು. ಕಪ್ಪು ಬಣ್ಣಗಳಲ್ಲಿ ಬಹಳಷ್ಟಕ್ಕೆ ಪಿಪಿಡಿ ಎಂಬ ರಾಸಾಯನಿಕವೇ ಆಧಾರ. ಅದು ಚರ್ಮಕ್ಕೆ ಅಲರ್ಜಿ ತರುತ್ತದೆ, ಮಕ್ಕಳು ನುಂಗಿದರೆ ಗಂಟಲು ಊದಿ ಉಸಿರಾಟಕ್ಕೇ ಕುತ್ತು ಬರುತ್ತದೆ. ಅರ್ಧ ಉಳಿದ ಸ್ಯಾಚೆಯನ್ನು ತೆರೆದ ಬುಟ್ಟಿಗೆ ಎಸೆಯುವುದು ಇದೇ ಕಾರಣಕ್ಕೆ ತಪ್ಪು. ಮೊದಲು ಕಡಿಮೆ ಕಲಸಿ, ಸಾಲದಿದ್ದರೆ ಇನ್ನಷ್ಟು ಕಲಸುವುದೇ ಕಸವನ್ನು ಕಡಿಮೆ ಮಾಡುವ ನಿಜವಾದ ದಾರಿ. ಬಟ್ಟಲಿನಲ್ಲಿ ಉಳಿದ ಬಣ್ಣವನ್ನು ಕಾಗದದಿಂದ ಒರೆಸಿ ತೆಗೆದು, ಆ ಕಾಗದವನ್ನು ತೆರೆದ ತಟ್ಟೆಯಲ್ಲಿ ಒಣಗಿಸಿ ಅಪಾಯಕಾರಿ ಕಸಕ್ಕೆ ಸೇರಿಸಿ, ಆಮೇಲೆ ಬಟ್ಟಲು ತೊಳೆಯಬೇಕು. ಡೆವಲಪರ್ ಬೆರೆಸಿದ ಬಣ್ಣವನ್ನು ನಾಳೆಗೆಂದು ಬಾಟಲಿಯಲ್ಲಿ ಮುಚ್ಚಿಡಬೇಡಿ. ಡೆವಲಪರ್‌ನಲ್ಲಿರುವ ಹೈಡ್ರೋಜನ್ ಪೆರಾಕ್ಸೈಡ್ ಒಡೆದು ಹೊರಬರುವ ಆಮ್ಲಜನಕದ ಒತ್ತಡಕ್ಕೆ ಬಾಟಲಿ ಸಿಡಿಯುತ್ತದೆ.

ಕೂದಲು ಬಿಳುಪಾಗಿಸುವ ಪುಡಿಗೆ ಮಾತ್ರ ಈ ಕಾಗದದ ಕ್ರಮ ಸಲ್ಲದು. ಅದರಲ್ಲಿರುವ ಪರ್ಸಲ್ಫೇಟ್ ಪೆರಾಕ್ಸೈಡಿನೊಂದಿಗೆ ಸೇರಿ ಬಿಸಿಯೇರುತ್ತದೆ. ಪುಡಿ ಹಚ್ಚಿದ ಕೂದಲಿಗೆ ಸುತ್ತಿ ತಲೆಯಿಂದ ಬಿಚ್ಚಿದ ಫಾಯಿಲುಗಳನ್ನು ಒಂದರ ಮೇಲೊಂದು ರಾಶಿ ಹಾಕಿ ಕೈಯಿಟ್ಟು ನೋಡಿ, ಬೆಚ್ಚಗಿರುತ್ತವೆ. ಅಂಥ ರಾಶಿಯನ್ನು ಕಾಗದ, ಹತ್ತಿ ತುಂಬಿದ ಬುಟ್ಟಿಗೆ ಸುರಿದರೆ ಬೆಂಕಿಯ ಭಯವಿದೆ. ಫಾಯಿಲುಗಳನ್ನು ಒಂದೊಂದಾಗಿ ಬಿಡಿಸಿ, ನೀರಿನಲ್ಲಿ ತೊಳೆದು, ಒಣಗಿದ ಮೇಲೆ ಬಣ್ಣದ ಖಾಲಿ ಟ್ಯೂಬುಗಳ ಜೊತೆ ಗುಜರಿಗೆ ಕೊಡಬಹುದು.

ಬಳಸಿದ ವ್ಯಾಕ್ಸ್ ಪಟ್ಟಿ, ಥ್ರೆಡಿಂಗ್ ದಾರ, ಹತ್ತಿ, ಕೈಗವಸುಗಳನ್ನು ಮುಚ್ಚಳವಿರುವ ಬುಟ್ಟಿಯಲ್ಲಿ, ಚೀಲದೊಳಗೆ ಹಾಕಿ ಪ್ರತ್ಯೇಕವಾಗಿ ಕಟ್ಟಬೇಕು. ಒಬ್ಬರಿಗೆ ಬಳಸಿದ ವ್ಯಾಕ್ಸನ್ನು ಸೋಸಿ ಮತ್ತೆ ಕರಗಿಸುವುದು ಉಳಿತಾಯವಲ್ಲ. ರಕ್ತ ಬಿದ್ದ ಕಡೆ ಶೇ. 5ರ ಸೋಡಿಯಂ ಹೈಪೋಕ್ಲೋರೈಟ್‌ನ ಒಂದು ಪಾಲಿಗೆ ನಾಲ್ಕು ಪಾಲು ನೀರು ಸೇರಿಸಿ ಹಾಕಿ, 10 ನಿಮಿಷ ಬಿಟ್ಟು ಒರೆಸಬೇಕು. ಈ ದ್ರಾವಣ ದಿನವೂ ಹೊಸದಾಗಿರಲಿ. ಶೌಚಾಲಯದ ಆ್ಯಸಿಡ್ ಇದಕ್ಕೆ ಎಂದೂ ಸೇರಕೂಡದು, ಕ್ಲೋರಿನ್ ಅನಿಲ ಏಳುತ್ತದೆ. ಉಗುರುಬಣ್ಣ ಅಳಿಸುವ ಅಸಿಟೋನ್ ತಾಗಿದ ಹತ್ತಿಗೆ ಮುಚ್ಚಳದ ತಗಡಿನ ಡಬ್ಬಿ ಬೇಕು. ಸ್ಪ್ರೇ ಡಬ್ಬಿಗಳನ್ನು ಚುಚ್ಚಬಾರದು, ಬೆಂಕಿಯ ಬಳಿ ಬಿಡಬಾರದು.

ಹಸಿ, ಒಣ, ಅಪಾಯಕಾರಿ ಎಂದು ಕಸವನ್ನು ಹುಟ್ಟಿದಲ್ಲೇ ಬೇರ್ಪಡಿಸಬೇಕೆಂದು 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳೇ ಹೇಳಿದ್ದವು. ರಾತ್ರಿ ಅಂಗಡಿ ಮುಚ್ಚುವಾಗ ಬೇರ್ಪಡಿಸುತ್ತೇವೆ ಎಂದರೆ ಆ ಕೆಲಸ ಕೈಯಿಂದಲೇ ಆಗಬೇಕು, ಆ ಕೈ ಸಾಮಾನ್ಯವಾಗಿ ಅಂಗಡಿಯ ಎಲ್ಲರಿಗಿಂತ ಚಿಕ್ಕ ಹುಡುಗನದು. ಬ್ಲೇಡಿನ ಡಬ್ಬಿಯನ್ನು ಗಾಡಿಗೆ ಎಸೆಯದೆ, ಒಳಗಿರುವುದನ್ನು ಬಾಯಿಬಿಟ್ಟು ಹೇಳಿ ಪೌರಕಾರ್ಮಿಕರ ಕೈಗೇ ಕೊಡಿ. ಅವರು ಒಯ್ಯುವ ವ್ಯವಸ್ಥೆಯಿಲ್ಲವೆಂದರೆ ಪಾಲಿಕೆಯ ಆರೋಗ್ಯ ನಿರೀಕ್ಷಕರನ್ನು ಕಂಡು ಎಲ್ಲಿಗೆ ತಲುಪಿಸಬೇಕೆಂದು ಕೇಳಿ. ಅಲ್ಲಿಯವರೆಗೆ ಡಬ್ಬಿಯನ್ನು ಕಪಾಟಿನ ಮೇಲಿನ ಹಲಗೆಯಲ್ಲಿ ಬೀಗ ಹಾಕಿ ಇಡಬಹುದು. ಬ್ಲೇಡು ಕೊಳೆಯುವುದಿಲ್ಲ, ವಾಸನೆಯೂ ಬರುವುದಿಲ್ಲ.